ನನ್ನ ಕೈಯಿಂದ ಕೆರೆಗೆ ಬಿದ್ದ ಮೀನು

ಸೊಳ್ಳೆ ನಿವಾರಣೆಯ ಅಧಿಕಾರಿಗಳ ಸನ್ನಿಧಿಗೆ,

ಇಂದು ಏಕಾದಶಿ, ನನಗೆ ಉಪವಾಸ. ಅಂಗಳ ಸಾರಿಸಿ, ತುಳಸಿಗೆ ನೀರೆರೆದು, ಮನೆಯವರಿಗೆ ಗಂಜಿ ಬೇಯಿಸಿಟ್ಟು, ಪತ್ರಿಕೆಯಲ್ಲಿ ಅಚ್ಚಾಗಲೆಂದು ಈ ಕಾಗದಕ್ಕೆ ಕುಳಿತಿದ್ದೇನೆ. ನೀವು ಊರೂರಿನಲ್ಲಿ ಮಾಡುವ ಭಾಷಣದಿಂದ ನನ್ನನ್ನೂ ಸತ್ತ ನನ್ನ ಮಗಳನ್ನೂ ತೆಗೆದುಹಾಕಬೇಕು. ಯಾಕೆಂದು ಹೇಳುತ್ತೇನೆ.

ಉರ್ವದ ನಮ್ಮ ಭಜನಾ ಮಂದಿರದ ಕೆರೆಗೆ ಮೊಗವೀರರಾದ ನಾವು ಎಂದೂ ಬಲೆ ಹಾಕಿದವರಲ್ಲ. ಕಡಲಿನ ಮೀನು ನಮ್ಮ ಹೊಟ್ಟೆಗೆ, ಕೆರೆಯದ್ದು ದೇವರಿಗೆ. ಮೂವತ್ತು ವರ್ಷ ದಿನಾ ಬೆಳಿಗ್ಗೆ ನಾನು ಅಲ್ಲಿಗೆ ಒಂದು ಮುಷ್ಟಿ ಅಕ್ಕಿ ಹಾಕಿದ್ದೇನೆ. ನೆತ್ತಿಯಲ್ಲಿ ಬೆಳ್ಳಿ ಚುಕ್ಕೆಯಿರುವ ಪುಟ್ಟ ಮೀನುಗಳು ನೀರಿನ ಮೇಲೆಯೇ ತಿರುಗುವವು. ತೇಲುವ ನುಚ್ಚು, ಇರುವೆ, ಸೊಳ್ಳೆಮರಿ ಅವಕ್ಕೆ. ಮುಳುಗುವ ಕಾಳನ್ನು ನಡುನೀರಿನಲ್ಲಿ ಹಿಡಿಯುವವು ಬೇರೆ. ಅವುಗಳ ಬಾಯಿ ತಪ್ಪಿ ಕೆಸರಿಗೆ ಇಳಿದದ್ದು ಮೀಸೆಯ ಮುಗುಡು ಮೀನಿಗೆ, ಅದೂ ಬಿಸಿಲು ತಗ್ಗಿದ ಮೇಲೆ. ಮೆಟ್ಟಿಲಿನ ಪಾಚಿ ಕೆರೆದು ತಿನ್ನುವವಕ್ಕೆ ಅಕ್ಕಿಯೇ ಬೇಡ. ಮನುಷ್ಯರ ಪಂಕ್ತಿಯನ್ನೂ ನಾನು ಕಂಡಿದ್ದೇನೆ, ಸ್ವಾಮೀ. ಕೊನೆಯಲ್ಲಿ ಕುಳ್ಳಿರಿಸಿದವರಿಗೆ ಸಾರು ನೀರಾಗಿ ಬರುತ್ತದೆ. ಕೆರೆಯಲ್ಲಿ ಕೊನೆಯ ಪಂಕ್ತಿಯ ಮುಗುಡು ಎಲ್ಲರಿಗಿಂತ ದಪ್ಪ ಇತ್ತು.

ಕಳೆದ ವರ್ಷ ಮಳೆ ಜಡಿಯುವ ಆಟಿ ತಿಂಗಳಿನಲ್ಲಿ ನನ್ನ ಹರಿಣಾಕ್ಷಿ ಚಳಿಜ್ವರದಿಂದ ಹೋದಳು. ಹದಿನಾರು ವರ್ಷ. ತಿಂಗಳು ತುಂಬುವ ಮೊದಲೇ ನಿಮ್ಮ ನೌಕರ ರಾಫೆಲ್ ಮಡಕೆಯಲ್ಲಿ ಮೀನು ಹೊತ್ತು ಬಂದ. ಮಂದಿರದ ಹಿರಿಯರು, ಗುರಿಕಾರ ಗಿರಿಯಪ್ಪಣ್ಣ ಅಡ್ಡ ನಿಂತರು.

"ಇದು ಎಂತ ಮೀನು ಮಾರಾಯ?"

"ಸರಕಾರದ್ದು. ಸೊಳ್ಳೆಮರಿ ತಿಂತದೆ."

"ನಮ್ಮದು ಮತ್ತೆ ಎಂತ ತಿಂತದೆ, ಸಜ್ಜಿಗೆಯಾ? ತಿನ್ನುವವು ಇಲ್ಲಿಯೇ ಉಂಟು. ಇದಕ್ಕೂ ಅದೇ ಬೇಕಾದರೆ ನಮ್ಮದು ಎಲ್ಲಿಗೆ ಹೋಗಬೇಕು?"

ರಾಫೆಲ್ ಮಡಕೆಯನ್ನು ಮೆಟ್ಟಿಲ ಮೇಲಿಟ್ಟ. ಉತ್ತರ ಕೊಟ್ಟವಳು ನಾನು. "ನಿಮ್ಮ ಮಗಳು ಮನೆಯಲ್ಲಿ ಇದ್ದಾಳಲ್ಲ ಅಣ್ಣ, ಅದಕ್ಕೆ ಬಾಯಿ ಬರ್ತದೆ" ಎಂದೆ. ಅವರು ತಲೆ ತಗ್ಗಿಸಿ ದಾರಿ ಬಿಟ್ಟರು. ಮಗಳನ್ನು ಸುಟ್ಟು ಬಂದ ತಾಯಿಯೊಡನೆ ಯಾರು ವಾದ ಮಾಡುತ್ತಾರೆ? ಮಡಕೆ ತೆಗೆದುಕೊಂಡು, ಹರಿಣಾಕ್ಷಿಯ ಹೆಸರು ಹೇಳಿ, ನಾನೇ ಕೆರೆಗೆ ಬಗ್ಗಿಸಿದೆ.

ನಿಮ್ಮ ಮೀನು ಪಂಕ್ತಿ ಕಾಯುವ ಜಾತಿಯಲ್ಲ. ಮೇಲಿನದ್ದನ್ನೂ ನಡುವಿನದ್ದನ್ನೂ ತಿಂದಿತು. ಸಾಲದೆ ಉಳಿದವುಗಳ ಮೊಟ್ಟೆ ಮರಿ ತಿಂದಿತು, ದೊಡ್ಡವುಗಳ ರೆಕ್ಕೆ ಹರಿಯಿತು. ಮೊದಲು ಬೆಳ್ಳಿ ಚುಕ್ಕೆಯವು ಕಾಣದಾದವು, ಈ ಆಟಿಗೆ ನಡುನೀರಿನವು. ಈಗ ಅಕ್ಕಿ ಹಾಕಿದರೆ ಒಂದೇ ಜಾತಿ ಮುಗಿಬೀಳುತ್ತದೆ, ಕೆಸರಿನ ತನಕ ಒಂದು ಕಾಳೂ ಇಳಿಯುವುದಿಲ್ಲ. ಚಳಿಜ್ವರವಾದರೂ ಸರಕಾರಕ್ಕೆ ಹೆದರಿ ಓಡಿತೇ? ನೆರೆಮನೆಯ ಚೆನ್ನಪ್ಪ ಈ ಮಳೆಗಾಲದಲ್ಲಿಯೂ ಮೂರು ಕಂಬಳಿ ಹೊದ್ದು ನಡುಗಿದ. ನಿಮ್ಮ ವರದಿಯಲ್ಲಿ ಅವನು ನಡುಗಿಲ್ಲವೋ ಏನೋ.

ಇಷ್ಟನ್ನು ನುಂಗಿಕೊಂಡಿದ್ದೆ. ಮೊನ್ನೆ ಉಳ್ಳಾಲದಿಂದ ನನ್ನ ನಾದಿನಿ ವಾರಿಜಾಕ್ಷಿ ಬಂದಳು. "ಅತ್ತಿಗೆ, ಬರುವ ಸೋಮವಾರ ನಮ್ಮ ಕೆರೆಗೂ ಮೀನು ಬಿಡ್ತಾರೆ. ಮೊದಲು ಯಾರಿಗೂ ಮನಸ್ಸಿರಲಿಲ್ಲ. ಉರ್ವದಲ್ಲಿ ಮಗಳನ್ನು ಕಳಕೊಂಡ ತಾಯಿಯೇ ಕೈಯಾರೆ ಬಿಟ್ಟಿದ್ದಾಳೆ ಅಂತ ಸಾಹೇಬರು ಹೇಳಿದಾಗ ಹೆಂಗಸರೆಲ್ಲ ಅತ್ತರು. ಮತ್ತೆ ಯಾರೂ ಬೇಡ ಹೇಳಲಿಲ್ಲ" ಎಂದಳು. ಅವಳ ಮುಖದಲ್ಲಿ ನನ್ನ ಮೇಲೆ ಹೆಮ್ಮೆ.

ಸಾಹೇಬರೇ, ಗಿರಿಯಪ್ಪಣ್ಣನ ಬಾಯಿಯನ್ನು ನಾನು ನನ್ನ ದುಃಖದಿಂದ ಮುಚ್ಚಿಸಿದೆ. ಅರಿಯದೆ ಮಾಡಿದೆ, ದೇವರಲ್ಲಿ ತಪ್ಪುಕಾಣಿಕೆ ಇಟ್ಟಿದ್ದೇನೆ. ಅದೇ ದುಃಖವನ್ನು ಕೊಂಡುಹೋಗಿ ಊರೂರಿನ ಬಾಯಿ ಮುಚ್ಚಿಸುವ ನೀವು ಯಾವ ದೇವರಿಗೆ ಇಡುತ್ತೀರಿ? ಸೋಮವಾರಕ್ಕೆ ಮೊದಲು ನಮ್ಮ ಕೆರೆಯ ಈಗಿನ ಸ್ಥಿತಿಯನ್ನು ಉಳ್ಳಾಲದವರಿಗೆ ಹೇಳಿ. ಅವರ ಕೆರೆಯಲ್ಲಿ ಯಾವುದು ಎಲ್ಲಿ ತಿಂದು ಬದುಕುತ್ತದೆ ಎಂದು ಕುಳಿತು ನೋಡಿ. ಅಲ್ಲಿಯ ತನಕ ಮೀನು ಬಿಡಬೇಡಿ. ಕ್ವಿನೀನು ಹಂಚಿ, ಅಂಗಳದ ತೆಂಗಿನ ಚಿಪ್ಪಿನಲ್ಲಿ ನಿಂತ ನೀರು ಚೆಲ್ಲಿಸಿ. ಅದಕ್ಕೆ ಕರೆದರೆ ನಾನೂ ಮನೆಮನೆಗೆ ಬರುತ್ತೇನೆ.

ಉತ್ತರವನ್ನು ಈ ಪತ್ರಿಕೆಯ ಕಚೇರಿಗೆ ಬರೆಯಿರಿ. ವಾರಿಜಾಕ್ಷಿ ಶುಕ್ರವಾರ ದೋಣಿಯಲ್ಲಿ ಹೊಳೆ ದಾಟಿ ಪೇಟೆಗೆ ಬರುತ್ತಾಳೆ. ಇದನ್ನು ಓದಿದ ಉಳ್ಳಾಲದವರು ಯಾರಾದರೂ ಅವಳಿಗೆ ಹೇಳಿ: ಉತ್ತರ ಬಂದಿದ್ದರೆ ಅವಳೇ ತೆಗೆದುಕೊಳ್ಳಲಿ, ಮೊದಲು ಅಲ್ಲಿನ ಹೆಂಗಸರಿಗೆ ಓದಿಸಲಿ, ಆಮೇಲೆ ನನಗೆ ತಂದುಕೊಡಲಿ.

ಇಂತಿ,
ನಿಮ್ಮ ಭಾಷಣದಲ್ಲಿ ಬರುವ ಆ ತಾಯಿ,
ಅಪ್ಪಿ, ಉರ್ವ