ಕಾಗದದಲ್ಲಿ ತಂಗಿಯಾಗಿದ್ದ ಮರಿಯಾಮಾಳಿಗೆ

ಗೆಳತಿ ಮರಿಯಾಮಾ,

ಲಂಡನ್ನಿನ ಈ ಕ್ರೋಯ್ಡನ್ನಿನಲ್ಲಿ ನಾವಿಬ್ಬರೂ ಕೆಲಸಕ್ಕಿದ್ದ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಾ ನೀನು ಮೊದಲ ಸಲ ಅದನ್ನು ಹೇಳಿದ್ದು ನೆನಪಿದೆಯೇ? ಗ್ಯಾಂಬಿಯಾದ ನಿಮ್ಮ ಹಳ್ಳಿಗೆ ಗಂಡ ಎರಡನೆಯವಳನ್ನು ಕರೆತಂದ ದಿನ ನಿನಗೊಂದು ಹೊಸ ಬಟ್ಟೆ ಕೊಟ್ಟನಂತೆ. ಅದನ್ನುಟ್ಟು ನೀನೇ ಮದುಮಗಳಿಗೆ ಅನ್ನ ಬೇಯಿಸಿ ಬಡಿಸಬೇಕಿತ್ತು. "ಅತ್ತರೆ ಊರವರು ನಗ್ತಾರೆ. ಅದಕ್ಕೇ ಈರುಳ್ಳಿ ಜಾಸ್ತಿ ಹೆಚ್ಚಿದೆ" ಅಂದೆ. ನಾನು ನಕ್ಕುಬಿಟ್ಟೆ. ಇವತ್ತಿಗೂ ನಾಚಿಕೆಯಾಗುತ್ತದೆ.

"ನಮ್ಮಲ್ಲಿ ಹಾಗೆಲ್ಲ ಇಲ್ಲ" ಎಂದು ಅವತ್ತೇ ಜಂಬ ಕೊಚ್ಚಿಕೊಂಡೆ. ಎಂಥ ಸುಳ್ಳು! ಧಾರವಾಡದಲ್ಲಿ ನನ್ನ ಅಜ್ಜಿ ಗಂಡು ಹೆರಲಿಲ್ಲವೆಂದು ಅಜ್ಜ ಅವಳ ಒಡಹುಟ್ಟಿದವಳನ್ನೇ ಕಟ್ಟಿಕೊಂಡಿದ್ದ. ನಿನಗೆ ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದೆನೋ...

ಡಾಕ್ಟರ ಬಳಿ ಫಾರಂ ತುಂಬುವಾಗ, ಗಂಡನ ಹೆಸರು ಬರೆಯುವ ಜಾಗದಲ್ಲಿ ನಿನ್ನ ಪೆನ್ನು ನಿಂತಿತ್ತು. ಗಂಡನೊಡನೆ ಈ ದೇಶಕ್ಕೆ ಒಬ್ಬಳೇ ಹೆಂಡತಿ ಬರಬಹುದು. ಆ ಜಾಗವನ್ನು ನಿನ್ನ ಗಂಡ ಕಿರಿಯಳಾದ ಬಿಂತಾಳಿಗೆ ಕೊಟ್ಟ. ಇಪ್ಪತ್ತು ವರ್ಷ ಅವನ ಹೊಲ ಅಗೆದು, ಹಾಸಿಗೆ ಹಿಡಿದ ಅವನ ತಾಯಿಯ ಸೇವೆ ಮಾಡಿದ ನಿನ್ನನ್ನು ತಂಗಿಯೆಂದು ಕಾಗದ ಮಾಡಿಸಿ ಕರೆಸಿಕೊಂಡ. ಫ್ಲ್ಯಾಟಿನಲ್ಲಿ ಮಾತ್ರ ಹಳ್ಳಿಯದೇ ಸರದಿ: ಎರಡು ದಿನ ಅವಳ ಅಡುಗೆ, ಎರಡು ದಿನ ನಿನ್ನದು. ಹೆಂಡತಿಯ ದುಡಿಮೆಯೆಲ್ಲ ಬೇಕು, ಹೆಸರು ಬೇಡವೇ? ನನ್ನ ಗಂಡನಿಗೆ ಹೇಳಿದರೆ, "ಅದು ಅವರ ಮನಿ ವಿಷಯ. ನೀ ಯಾಕ ನಡುವ ಹೋಗ್ತಿ?" ಎಂದರು. ನಾನೂ ಸುಮ್ಮನಾದೆ. ಅದೂ ತಪ್ಪೇ.

ನೀನು ತೀರಿಕೊಂಡ ಮೂರನೆಯ ದಿನ ನಿನ್ನ ಸಾವು ಬರೆಸಲು ಕೌನ್ಸಿಲ್ ಆಫೀಸಿಗೆ ನಿನ್ನ ಗಂಡ ಮತ್ತು ಬಿಂತಾಳ ಜೊತೆ ನಾನೂ ಹೋದೆ. ಸಂಬಂಧ ಕೇಳಿದಾಗ ಆ ಮನುಷ್ಯ ಕಣ್ಣು ಮಿಟುಕಿಸದೆ "ತಂಗಿ" ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಬಿಂತಾ ಎದ್ದು ನಿಂತಿದ್ದಳು.

"ಸುಳ್ಳು. ಅವಳು ಇವನ ಹೆಂಡತಿ. ಮೊದಲನೆಯವಳು. ನಾನು ಆಮೇಲೆ ಬಂದವಳು."

ತನ್ನ ವೀಸಾದ ಗತಿಯೇನಾದೀತೋ ಎಂಬ ಭಯ ಅವಳಿಗಿತ್ತು. ಆದರೂ ನಿನ್ನ ಪೆಟ್ಟಿಗೆಯಿಂದ ತಂದಿದ್ದ ನಿಮ್ಮ ಮದುವೆಯ ಕಾಗದವನ್ನು ಮೇಜಿನ ಮೇಲಿಟ್ಟಳು. ನಿನಗೆ ಗೊತ್ತಿತ್ತೇ, ಅವಳಲ್ಲಿ ಇಷ್ಟು ಧೈರ್ಯವಿದೆಯೆಂದು?

ಅಂಥವನ ಹೆಂಡತಿ ಎನಿಸಿಕೊಳ್ಳುವುದೇನು ಕಿರೀಟವಲ್ಲ, ಬಲ್ಲೆ. ಆದರೆ ಪಟ್ಟ ಪಾಡಿಗೆ ಆ ಹೆಸರಾದರೂ ಬೇಡವೇ? ಸಾವಿನ ಸರ್ಟಿಫಿಕೇಟಿನಲ್ಲಿ ಈಗ ಹಾಗೇ ಬರೆದಿದೆ, ಮರಿಯಾಮಾ. ನಾನೇ ಎರಡು ಸಲ ಓದಿ ನೋಡಿದೆ.

ಬಿಂತಾ ಆ ಫ್ಲ್ಯಾಟಿಗೆ ಮರಳಲಿಲ್ಲ, ನಮ್ಮ ಹಿಂದಿನ ಕೋಣೆಯಲ್ಲಿದ್ದಾಳೆ. ನಿನ್ನೆ ಅವನು ಬಂದು ಬಾಗಿಲು ಬಡಿದ. ಮನೆಯಲ್ಲಿ ಅಡುಗೆ ಮಾಡುವವರಿಲ್ಲವಂತೆ! ನಾನು ತೆರೆಯಲಿಲ್ಲ. ಮುಂದೆಯೂ ತೆರೆಯುವುದಿಲ್ಲ, ಮಾತು ಕೊಡುತ್ತೇನೆ.