ಮಸ್ಕತ್‌ನಿಂದ ಮೂರು ಗಂಟೆ

ರೀ,

ವಿಮಾನ ಹೊರಟಿತಂತೆ. ನಿಮ್ಮ ರೂಮಿನಲ್ಲಿದ್ದ ಕುಣಿಗಲ್ಲಿನ ಸಾದಿಕ್ ಈಗ ತಾನೇ ಫೋನ್ ಮಾಡಿದ್ದರು. ಪ್ರತಿ ಸಲ ನೀವು ವಿಮಾನ ಹತ್ತಿ ಫೋನ್ ಆಫ್ ಮಾಡಿದ ಮೇಲೆ ನಾನು ಉದ್ದುದ್ದ ಬರೆದು ಕಳಿಸುತ್ತಿದ್ದೆ. ಬೆಂಗಳೂರಿನಲ್ಲಿ ಇಳಿದು, ಬ್ಯಾಗು ಬರುವವರೆಗೆ ನಿಂತು ನೀವು ಓದುತ್ತಿದ್ದಿರಿ. ಈ ಸಲವೂ ಬರೆಯುತ್ತಿದ್ದೇನೆ. ಈ ಸಲ ನಿಮ್ಮನ್ನೇ ಬ್ಯಾಗುಗಳ ಜೊತೆ ಹಾಕಿದ್ದಾರೆ.

ಮಸ್ಕತ್‌ನಿಂದ ಬೆಂಗಳೂರಿಗೆ ಮೂರು ಗಂಟೆ ಚಿಲ್ಲರೆ. ಏರ್‌ಪೋರ್ಟಿನಿಂದ ತುಮಕೂರು, ಗುಬ್ಬಿ ದಾಟಿ ನಮ್ಮೂರು ಹಾಗಲವಾಡಿಗೂ ಹೆಚ್ಚುಕಡಿಮೆ ಅಷ್ಟೇ. "ಸಮುದ್ರ ದಾಟೋದೂ ಒಂದೇ, ನಮ್ ತಾಲ್ಲೂಕಿನ ರೋಡ್ ದಾಟೋದೂ ಒಂದೇ ಕಣೇ, ನಾನೇನ್ ದೂರ ಇದೀನಿ?" ಎಂದು ರೇಗಿಸುತ್ತಿದ್ದಿರಿ. ಫೋನಿನಲ್ಲಿ ನೋಡಿದರೆ ಎರಡು ಸಾವಿರ ಕಿಲೋಮೀಟರ್‌ಗೂ ಮೇಲಿದೆ. ನಾನು ಮಾತ್ರ ನಿಮ್ಮ ಮೂರು ಗಂಟೆಯನ್ನೇ ನಂಬಿಕೊಂಡಿದ್ದೆ. ಅಷ್ಟು ಹತ್ತಿರ ಇರುವವರು ಸಾಯುವುದಿಲ್ಲ ಅಂದುಕೊಂಡಿದ್ದೆನೋ ಏನೋ.

ನನಗೆ ಅಳು ಬರುತ್ತಿಲ್ಲ. ಬೆಳಿಗ್ಗೆ ನಲ್ಲಿ ಬಿಟ್ಟರು, ಎದ್ದುಹೋಗಿ ಕೊಡಗಳಿಗೆಲ್ಲ ನೀರು ಹಿಡಿದೆ. ಬಂದವರು ನನ್ನನ್ನು ನೋಡಿ ಇನ್ನಷ್ಟು ಅತ್ತರು. ಎದೆಯಲ್ಲಿ ಏನೂ ಇಲ್ಲ, ಕೈಕಾಲು ಮಾತ್ರ ಓಡಾಡುತ್ತಿವೆ.

ಆಮೇಲೆ ಹೊಲಕ್ಕೆ ಹೋದೆವು. ಮಾವನವರ ಸಮಾಧಿಯ ಪಕ್ಕದಲ್ಲಿ ಗಂಗರಾಜು ಗುದ್ದಲಿ ಹಿಡಿದು ನಿಂತಿದ್ದ. "ಕೂರ್ಸೋದಾ, ಮಲಗ್ಸೋದಾ? ಮದ್ಲೇ ಹೇಳ್ಬುಡಿ, ಗುಂಡಿ ಬ್ಯಾರೆ ಬ್ಯಾರೆ" ಅಂದ. ಅತ್ತೆಗೆ ಸಿಟ್ಟು ಬಂತು. "ಇದೇನ್ಲಾ ಹಿಂಗೆ ಕೇಳ್ತೀಯ? ನಮ್ಮನೇಲಿ ಯಾರನ್ನಾದ್ರೂ ಮಲಗ್ಸಿದ್ದು ನೋಡಿದೀಯಾ? ಅವರಪ್ಪನ ಪಕ್ಕ ಕೂತ್ಕೋಬೇಕು ನನ್ ಮಗ."

ಆದರೆ ಸಾದಿಕ್ ನನಗೊಬ್ಬಳಿಗೇ ಹೇಳಿದ್ದರು. "ಔಷಧಿ ಹಾಕಿ ಉದ್ದಕ್ಕೆ ಮಲಗ್ಸಿದಾರೆ ಅಕ್ಕಾ, ಮೈಯೆಲ್ಲ ಗಟ್ಟಿಯಾಗಿದೆ. ಕಾಲು ಮಡಚ್ಬೇಕು ಅಂದ್ರೆ ಮುರೀಬೇಕಾಗ್ತದೆ." ಅದನ್ನು ಎಲ್ಲರೆದುರು ಹೇಳಿಬಿಟ್ಟೆ. ಅತ್ತೆ ಅಲ್ಲೇ ಬದುವಿನ ಮೇಲೆ ಕುಸಿದರು. "ಕೂರಿಸ್ದೇ ಹೋದ್ರೆ ಶಿವನ ತಾವ ಹೆಂಗ್ ಹೋಗ್ತಾನವ್ವ ನನ್ ಮಗ?" ಐನೋರು ರೇವಣಸಿದ್ದಯ್ಯನವರು ನನ್ನ ಕಡೆ ನೋಡಿದರು. ನಾನೇ ಹೇಳಬೇಕಾಯಿತು.

ಹೋದ ತಿಂಗಳು ನೀವು ಫೋನಿನಲ್ಲಿ ಅಂದಿದ್ದಿರಲ್ಲ, "ಕ್ರೇನಲ್ಲಿ ಕೂತು ಕೂತು ಸೊಂಟ ಬಿದ್ದೋಗಿದೆ ಕಣೇ, ಊರಿಗೆ ಬಂದ್ರೆ ಮಲಗ್ಬುಡ್ತೀನಿ, ಯಾರೂ ಎಬ್ಬಿಸ್ಬ್ಯಾಡಿ" ಅಂತ. ಅದನ್ನೇ ಹೇಳಿದೆ. "ಆ ಕ್ಯಾಬಿನ್ನಲ್ಲಿ ಕೂತ್ಕೊಂಡೇ ಪ್ರಾಣ ಬಿಟ್ಟವ್ರೆ ಅತ್ತೆ. ಇನ್ನೂ ಕೂರಿಸ್ಬೇಡಿ" ಅಂದೆ. ನನ್ನ ದನಿ ನಡುಗಲೂ ಇಲ್ಲ. ಕಲ್ಲಿನಂಥ ಹೆಂಗಸು ಅಂದುಕೊಂಡಿರಬೇಕು ಎಲ್ಲರೂ.

ಗಂಗರಾಜು ಗುದ್ದಲಿಯಿಂದ ನೆಲದ ಮೇಲೆ ಗೆರೆ ಎಳೆದ. ಅತ್ತೆ ಅದನ್ನು ನೋಡುತ್ತಾ ಕೂತಿದ್ದವರು ನೆಲಕ್ಕೆ ಕೈ ಊರಿ ಎದ್ದರು. "ಅಷ್ಟು ಸಾಕಾಗಲ್ಲ ಕಣ್ಲಾ. ನನ್ ಮಗ ಎತ್ತರದ ಆಳು. ಇನ್ನೊಂದು ಮೊಳ ಉದ್ದ ತೆಗಿ, ಕಾಲು ಚಾಚ್ಕೊಳ್ಲಿ" ಅಂದರು.

ಲಿಂಗವನ್ನು ನಿಮ್ಮ ಎಡಗೈಯಲ್ಲಿ ನಾನೇ ಇಡುತ್ತೇನೆ. ನೀವು ಏಳಬೇಡಿ. ಶಿವನೇ ಮಲಗಿದಲ್ಲಿಗೆ ಬಂದು ಕರೆದುಕೊಂಡು ಹೋಗಲಿ.

ನಿಮ್ಮ
ಮಧುಶ್ರೀ