ಶನಿವಾರದ ಕಾಫಿ

ಪಾಯಲಾ,
ಏಪ್ರಿಲ್ ೧೪

ಪ್ರೀತಿಯ ಮಗಳೇ ಸೈಮಿ,

ಹೇಗಿದ್ದೀಯ? ಮಂಜುಗಡ್ಡೆ ಒಡೆಯುವ ಆ ಹಡಗಿನಲ್ಲಿ ಅಡುಗೆ ಮಾಡುತ್ತಾ ನೀನೇ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ ಇಲ್ಲವೋ ಎಂಬ ಯೋಚನೆ ನನಗೆ. ಸೊಂಟನೋವು ಕಡಿಮೆಯಾಯಿತೇ? ನಮ್ಮ ನದಿ ಇನ್ನೂ ಹೆಪ್ಪುಗಟ್ಟಿಯೇ ಇದೆ, ನಾವಿಬ್ಬರೂ ಚೆನ್ನಾಗಿದ್ದೇವೆ. ಈ ಸಲ 'ಚೆನ್ನಾಗಿದ್ದೇವೆ' ಎನ್ನುವುದು ಬಾಯಿಮಾತಲ್ಲ. ಅಮ್ಮನ ರಕ್ತಪರೀಕ್ಷೆಯ ಫಲಿತಾಂಶ ಇವತ್ತು ಬೆಳಗ್ಗೆ ಬಂತು.

ಕಳೆದ ವಸಂತದಲ್ಲಿ ಮೆಟ್ಟಿಲ ಮೇಲೆ ಜಾರಿ ಅವಳ ಮಣಿಕಟ್ಟು ಮುರಿದಾಗಿನಿಂದ ಮೂಳೆ ಗಟ್ಟಿಯಾಗಲೆಂದು ವಾರಕ್ಕೊಂದು ಮಾತ್ರೆ ನುಂಗುತ್ತಿದ್ದಾಳಲ್ಲ. ಮೂಳೆ ಸವೆಯುವಾಗ ಅದರ ಸಣ್ಣ ತುಣುಕುಗಳು ರಕ್ತಕ್ಕೆ ಸೇರುತ್ತವಂತೆ. ಮಾತ್ರೆ ಹಿಡಿದರೆ ಅವು ಅರ್ಧಕ್ಕಿಳಿಯಬೇಕು. ನವೆಂಬರಿನಲ್ಲಿ ನೋಡಿದರೆ ಒಂದಿಷ್ಟೂ ಇಳಿದಿರಲಿಲ್ಲ. ಮೂಳೆಯಲ್ಲಿ ಬೇರೇನಾದರೂ ಕೆಟ್ಟದ್ದು ಸೇರಿಕೊಂಡಿದೆಯೇನೋ, ಇನ್ನೊಮ್ಮೆ ಪರೀಕ್ಷಿಸಿ ನೋಡೋಣ ಎಂದರು ಡಾಕ್ಟರು. ಆಗಲೇ ನೀನು ಹಡಗು ಬಿಟ್ಟು ಬಂದುಬಿಡುತ್ತೇನೆ ಎಂದು ಬರೆದದ್ದು. ಆ ಚಳಿಗಾಲ ನಾನು ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ.

ಜನವರಿಯಲ್ಲಿ ಮತ್ತೆ ರಕ್ತ ಕೊಡಲು ಹೋದೆವು. ಸೂಜಿ ಹಿಡಿದ ನರ್ಸ್ ಕೇಳಿದಳು, "ಖಾಲಿ ಹೊಟ್ಟೇಲಿ ಬಂದಿದೀರಿ ತಾನೇ?" ನಿನ್ನಮ್ಮ ಗತ್ತಿನಿಂದ, "ಹೂಂ ಕಣಮ್ಮ, ಏನೂ ಮುಟ್ಟಿಲ್ಲ. ಬರೀ ಕಾಫಿ. ಒಳಗೆ ನಾಲ್ಕು ಚೂರು ಚೀಸು, ಅಷ್ಟೇ" ಎಂದಳು. ನರ್ಸ್ ಸೂಜಿ ಕೆಳಗಿಟ್ಟಳು. "ಮಾತ್ರೇನೂ ಹೀಗೇ ತಗೋತೀರಾ?" "ಮತ್ತಿನ್ನೇನು? ಕಾಫಿ ಏನು ಊಟಾನಾ?" ಕಾಫಿಗೆ ಚೀಸು ಹಾಕಿ ಕುಡಿಯುವ ನಮ್ಮ ಉತ್ತರದ ರೂಢಿ ಗೊತ್ತಿಲ್ಲದ, ದಕ್ಷಿಣದ ಕಡೆಯ ಆ ಹುಡುಗಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಚೀಸಿನ ಜೊತೆ ಹೋದ ಮಾತ್ರೆ ಮೈಗೆ ಹತ್ತುವುದೇ ಇಲ್ಲವಂತೆ! ಬರೀ ನೀರಲ್ಲಿ ನುಂಗಬೇಕು, ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು, ಕುಡಿಯಬಾರದು, ಮೂರು ತಿಂಗಳು ಬಿಟ್ಟು ರಕ್ತ ಕೊಡಲು ಬನ್ನಿ ಎಂದು ಚೆನ್ನಾಗಿ ಬೈಸಿಕೊಂಡು ಬಂದೆವು.

ಮೂರು ತಿಂಗಳು ಹಾಗೇ ಮಾಡಿದಳು. ಇವತ್ತಿನ ಫಲಿತಾಂಶ ಅರ್ಧಕ್ಕಿಂತ ಕೆಳಗೆ! ಕೆಟ್ಟದ್ದೇನೂ ಇಲ್ಲ ಎಂದು ಡಾಕ್ಟರೇ ಫೋನಿನಲ್ಲಿ ಹೇಳಿದರು. ಫೋನಿಟ್ಟು ನಾನು ಸೌದೆಮನೆಗೆ ಹೋಗಿ ಅತ್ತುಬಿಟ್ಟೆ, ಸೈಮಿ. ಹಡಗು ಬಿಡಬೇಡ. ಬೇಸಿಗೆಯ ರಜೆಗೆ ಬಂದರೆ ಸಾಕು. ಅಮ್ಮ ನಿನಗೆ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಾಳೆ, ಅದೂ ಆ ಮುರಿದಿದ್ದ ಕೈಯಲ್ಲೇ. ತಣ್ಣಗಿರು ಮಗಳೇ.

ನಿನ್ನ ಅಪ್ಪ,
ಆಲ್ಗೋತ್

ಮರೆತಿದ್ದೆ: ಮರೆತಿದ್ದೆ ಅಂದರೆ ಸುಳ್ಳು, ಬರೆಯಲು ಧೈರ್ಯ ಬಂದಿರಲಿಲ್ಲ. ಪ್ರತಿ ಶನಿವಾರ ಆ ಕಾಫಿ ಕಾಯಿಸಿ, ಚೀಸು ಕತ್ತರಿಸಿ ಹಾಕಿ, ಮಾತ್ರೆಯ ಸಮೇತ ಹಾಸಿಗೆಗೇ ತಂದುಕೊಡುತ್ತಿದ್ದವನು ನಾನು. ಮಾತ್ರೆ ಡಬ್ಬಿಯೊಳಗಿನ ಚೀಟಿಯನ್ನು ಓದದೆ ಒಲೆಗೆ ಹಾಕಿದವನೂ ನಾನೇ. ನರ್ಸ್ ಗದರಿದಾಗ ನಿನ್ನಮ್ಮ ನನ್ನ ಕಡೆ ತಿರುಗಿಯೂ ನೋಡದೆ, "ತಪ್ಪು ನಂದೇ" ಎಂದುಬಿಟ್ಟಳು. ಇವತ್ತಿನವರೆಗೂ ಆ ಮಾತೆತ್ತಿಲ್ಲ. ಈಗ ಶನಿವಾರ ಬೆಳಗ್ಗೆ ಅವಳು ಮಾತ್ರೆ ನುಂಗಿ ಕಿಟಕಿಯ ಬಳಿ ನಿಂತರೆ, ನಾನೂ ಕಾಫಿ ಮುಟ್ಟದೆ ಅರ್ಧ ಗಂಟೆ ಪಕ್ಕದಲ್ಲೇ ನಿಂತಿರುತ್ತೇನೆ.